ಎರಡನೇ ಮೇಜಿನ ಬ್ಯೂರೆಟ್

ಸಾಬೂನು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಎಲ್ಲರೂ ಉದ್ದಣ್ಣ ಎಂದು ಕರೆಯುವ ನಾನು, ವಯಸ್ಸು 43 ವರ್ಷ, ಉದ್ಯೋಗ ಲ್ಯಾಬ್ ಸಹಾಯಕ, ವಾಸ ಕಾರ್ಖಾನೆಯ ಹಿಂಬದಿ ಬೀದಿಯ ಬಾಡಿಗೆ ಮನೆ, ಆಸ್ಪತ್ರೆಯಲ್ಲಿ ಪೊಲೀಸರು ವಿಚಾರಿಸಲಾಗಿ ತಿಳಿಸುವುದೇನೆಂದರೆ:

ನನ್ನ ಹೆಂಡತಿಯೂ ಅದೇ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಾಳೆ. ನನ್ನ ಎದೆಮಟ್ಟಕ್ಕೆ ಬರುತ್ತಾಳೆ. ಬ್ಯೂರೆಟ್ ಎಂದರೆ ಗೆರೆ ಹಾಕಿದ ಉದ್ದನೆಯ ಗಾಜಿನ ಕೊಳವೆ. ಎಷ್ಟು ದ್ರಾವಣ ಇಳಿಯಿತೆಂದು ಅದರಲ್ಲಿ ಅಳೆಯುತ್ತೇವೆ. ಓದುವಾಗ ಕಣ್ಣು ದ್ರಾವಣದ ಮಟ್ಟಕ್ಕೇ ಇರಬೇಕು. ಕೆಳಗಿನಿಂದ ನೋಡಿದರೆ ಅಂಕಿ ಹೆಚ್ಚು ಕಾಣುತ್ತದೆ. ಕಳೆದ ತಿಂಗಳು ಎತ್ತರದ ಹೊಸ ಮೇಜುಗಳು ಬಂದು, ಬ್ಯೂರೆಟ್ ಸ್ಟ್ಯಾಂಡುಗಳನ್ನು ಅವಕ್ಕೆ ಸ್ಕ್ರೂ ಹಾಕಿ ಬಿಗಿದರು. ಅಂದಿನಿಂದ ಅವಳು ತನ್ನ ಎರಡನೇ ಮೇಜಿನಲ್ಲಿ ಸ್ಟೂಲ್ ಹತ್ತಿಯೇ ಓದುತ್ತಿದ್ದಳು.

ನಿನ್ನೆ ಬೆಳಿಗ್ಗೆ 10.15ಕ್ಕೆ ಮೇಲ್ವಿಚಾರಕರು ಆ ಸ್ಟೂಲನ್ನು ಯಾರೋ ಅತಿಥಿಗೆ ಕೂರಲೆಂದು ತಮ್ಮ ಕೋಣೆಗೆ ತರಿಸಿಕೊಂಡರು. ಇವಳು ಎರಡು ಸಲ ಹೋಗಿ ಕೇಳಿದಳು. ಒಂದು ದಿನ ಕತ್ತೆತ್ತಿ ನೋಡಿದರೆ ಪ್ರಪಂಚ ಮುಳುಗಿಹೋಗುವುದಿಲ್ಲ ಎಂದರಂತೆ. ನಾನೇ ಓದಿ ಹೇಳುತ್ತೇನೆ ಎಂದೆ. "ನಿಮ್ಮ ಕಣ್ಣು ಆಕಾಶದಲ್ಲಿದೆ, ನೀವು ಬಗ್ಗೋ ಅಷ್ಟ್ರಲ್ಲಿ ಸಂಜೆ ಆಗುತ್ತೆ, ಬಿಡಿ" ಎಂದು ನಕ್ಕಳು. ನಾನೂ ನಕ್ಕೆ.

ಬಾಟಲಿ ತರುವ ಪ್ಲಾಸ್ಟಿಕ್ ಕ್ರೇಟ್ ಬೋರಲು ಹಾಕಿ ಹತ್ತಿದಳು. ರಕ್ಷಣೆಯ ಕನ್ನಡಕ ಗೀರುಬಿದ್ದು ಮಸುಕಾಗಿದ್ದರಿಂದ ಓದುವ ಹೊತ್ತಿಗೆ ಅದನ್ನು ಹಣೆಗೇರಿಸಿದಳು. ಇದನ್ನು ನಾನು ಮುಚ್ಚಿಡುವುದಿಲ್ಲ. ಆರು ಅಡಿ ದೂರದಲ್ಲಿ ನಾನು ಫ್ಲಾಸ್ಕ್ ತೊಳೆಯುತ್ತಿದ್ದೆ. ಕ್ರೇಟ್ ಜಾರಿತು. ಅವಳು ಬ್ಯೂರೆಟನ್ನೇ ಹಿಡಿದುಕೊಂಡಳು. ಅದು ಮುರಿದು, ಒಳಗಿದ್ದ ಕಾಸ್ಟಿಕ್ ಸೋಡಾ ದ್ರಾವಣ ಅವಳ ಮುಖದ ಮೇಲೆ ಬಿತ್ತು. ನಲ್ಲಿಯ ಕೆಳಗೆ ಹಿಡಿದು ರೆಪ್ಪೆ ಬಿಡಿಸಿ ನೀರು ಬಿಟ್ಟೆ. ನೀರು ಸಣ್ಣಗೆ ಬರುತ್ತಿತ್ತು. ಅವಳು ಕಿರುಚುತ್ತಿದ್ದಳು. ನನಗೆ ಆಗ ಏನೂ ಅನಿಸಲಿಲ್ಲ. ಈಗಲೂ ಅನಿಸುತ್ತಿಲ್ಲ.

ಬಲಗಣ್ಣು ಹೋಗಿದೆ, ಎಡಗಣ್ಣಿನ ಬಗ್ಗೆ ವಾರ ಕಳೆಯದೆ ಹೇಳಲಾಗದು ಎಂದು ವೈದ್ಯರು ತಿಳಿಸಿದರು. ಸಂಜೆ ಮೇಲ್ವಿಚಾರಕರು ಬಂದು ನನ್ನನ್ನು ಮೆಟ್ಟಿಲ ಬಳಿ ಕರೆದರು. "ನಿಮ್ಮ ಮನೆಯವರದ್ದೇ ಅಜಾಗರೂಕತೆ ಅಂತ ಬರೆಸಿಬಿಡಿ, ಇಬ್ಬರ ಕೆಲಸಾನೂ ಉಳಿಯುತ್ತೆ" ಎಂದರು. ನಾನು ಹಾಗೆ ಬರೆಸುವುದಿಲ್ಲ. ಅವಳು ಕೇಳಿದ್ದು ಒಂದು ಸ್ಟೂಲ್.

ಇಂದು ಬೆಳಿಗ್ಗೆ ಅವಳಿಗೆ ಎಚ್ಚರವಾಯಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಕೈ ಚಾಚಿ ನನ್ನ ಅಂಗಿ ಹಿಡಿದು, "ಎಷ್ಟಕ್ಕೆ ನಿಂತಿತ್ತು ರೀ?" ಎಂದು ಕೇಳಿದಳು. ಬ್ಯೂರೆಟ್ ಚೂರುಚೂರಾಗಿತ್ತು. ನಾನು ನೋಡಿರಲಿಲ್ಲ. ಇಪ್ಪತ್ನಾಲ್ಕು ಪಾಯಿಂಟ್ ಆರು ಎಂದೆ. "ಹಾಗಾದ್ರೆ ಸರಿಯಾಗೇ ಬಂದಿದೆ" ಎಂದು ಅಂಗಿ ಬಿಟ್ಟಳು.

ಈ ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ. ನಾನು ಅವಳಿಗೆ ಹೇಳಿದ ಆ ಒಂದು ಅಂಕಿಯ ಹೊರತು ಇದರಲ್ಲಿರುವುದೆಲ್ಲ ಸತ್ಯ.

ಸ್ಥಳ: ಆಸ್ಪತ್ರೆ, ಕಣ್ಣಿನ ವಾರ್ಡ್
ದಿನಾಂಕ: 14, ಮಂಗಳವಾರ
(ಸಹಿ)