ಎಡಗೈಯವಳ ಮಗುಚುವ ಕೈ

ಹುಮನಾಬಾದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು. ಸುಮನ ತವರಿನಿಂದ ಬಸವಕಲ್ಯಾಣಕ್ಕೆ ಹೊರಟವಳು. ಕಳಿಸಲು ಬಂದವಳು ಅವಳ ಅಣ್ಣನ ಹೆಂಡತಿ. ನಾನು ಪತ್ರಿಕೆ ಓದುತ್ತಿದ್ದೆ, ಪುಟ ಮಾತ್ರ ತಿರುವಲಿಲ್ಲ.

“ವೈನಿ, ಅವ್ವನ ರೊಟ್ಟಿ ಮಗಚೋ ಕೈ ಎಲ್ಲದರೀ?”

“ಆ ಕಬ್ಬಿಣದ್ದಾ? ಒಂದ ಕಡಿ ಸವದು ಸೊಟ್ಟ ಆಗಿತ್ತು. ನನ್ನ ಕೈಗೆ ಒಗ್ಗಲೇ ಇಲ್ಲ.”

“ಅವ್ವ ಎಡಗೈಯಾಕಿ. ನಿಮಗ ಹ್ಯಾಂಗ ಒಗ್ತದ?”

“ನೀನೂ ಎಡಚಿನೇ. ಅವ್ವನ ಸಾಮಾನು ಹಂಚೋವಾಗ ಯಾಕ ಕೇಳಲಿಲ್ಲ? ಸೀರಿ ಬ್ಯಾಡ, ಬಿಂದಗಿ ಬ್ಯಾಡ ಅಂತ ದೊಡ್ಡ ಮನಸು ಮಾಡಿದಿ.”

“ಅವ್ವ ತೀರಿಕೊಂಡ ವಾರದಾಗೇ ಅಡಗಿ ಸಾಮಾನು ಕೇಳಾಕ ನಾಚಿಕಿ ಬಂತ್ರಿ. ಈಗ ಕೇಳಾಕತ್ತೀನಿ.”

“ಬಾಜೂ ಮನಿ ಮಲಿಕಾಗ ಕೊಟ್ಟುಬಿಟ್ಟೆನಲ್ಲ. ಆಕಿದೂ ಎಡಗೈ. ವಾಪಸ್ ಕೇಳ್ಲೇನು?”



“ದಿನಾ ರೊಟ್ಟಿ ಮಾಡ್ತಾಳೇನ್ರಿ?”

“ದಿನಾ. ತವಾ ಕೆರಿಯೋ ಸಪ್ಪಳ ನಮ್ಮ ಮನಿತನಾ ಬರ್ತದ. ನಿಮ್ಮಣ್ಣ ಒಮ್ಮೊಮ್ಮೆ ಉಣ್ಣೋದು ಬಿಟ್ಟು ಕೇಳ್ಕೋತ ಕೂಡ್ತಾರ.”

ಬಸ್ಸು ಬಂತು. ಸುಮನ ಚೀಲ ಎತ್ತಿಕೊಂಡು ಹತ್ತಿ, ಕಿಟಕಿಯಿಂದ ಕೂಗಿದಳು:

“ವಾಪಸ್ ಕೇಳಬ್ಯಾಡ್ರಿ ವೈನಿ. ಮುಂದಿನ ಸಲ ಬಂದಾಗ ಮಲಿಕಾನ ಮನ್ಯಾಗ ರೊಟ್ಟಿ ಉಣ್ತೀನಿ.”