ತಂದೆಕಲ್ಲಿನ ಜಾಗದಲ್ಲಿ ನಾನು

ಹಲೋ... ತೊಕುನಾಗಾ ಅಲಂಕಾರ ಮೀನಿನ ಅಂಗಡಿ... ಯಾರು ಮಾತಾಡ್ತಿರೋದು?

...

ಅಯ್ಯೋ, ಯಜಮಾನ್ರಾ! ಧ್ವನಿ ಗೊತ್ತಾಗ್ಲಿಲ್ಲ. ನಾನು, ನಿಮ್ಮ ಶಿಷ್ಯೆ ಕನಾಯೆ. ಕಾಲು ಹೇಗಿದೆ?... ಹಾಂ, ಹಾಂ, ಕಾಲು ಬಿಡು, ತೊಟ್ಟಿ ವಿಷಯ ಹೇಳು ಅಂತೀರಾ.

...

ಚೆನ್ನಾಗಿದೆ. ಗಾಜಿನ ಹಿಂಬದಿಯ ನೀರುಗಿಡಗಳೆಲ್ಲ ಕತ್ತರಿಸಿದ ಮೇಲೆ ಒತ್ತೊತ್ತಾಗಿ ಚಿಗುರಿವೆ. ಎಡಗಡೆ ಕೆಂಪು ಗಿಡದ ತುದಿ ಈಗ ತಾನೇ ಕಾಣ್ತಿದೆ. ಎರಡು ತಿಂಗಳು ಚಿಮಟ ಹಿಡ್ಕೊಂಡು ಒಂದೊಂದೇ ಕಡ್ಡಿ ನೆಟ್ಟಿದ್ದು ದಂಡ ಆಗ್ಲಿಲ್ಲ... ಹೂಂ, ನೀಗಾತಾದಿಂದ ಫೋಟೋ ತೆಗೆಯೋ ಮಿಝೊಗುಚಿ-ಸಾನ್ ಬಂದಿದಾರೆ. ದೀಪ ಕಟ್ತಿದಾರೆ. ತೊಟ್ಟಿ ಅಲಂಕಾರದ ಸ್ಪರ್ಧೆಗೆ ಫೋಟೋ ಕಳಿಸೋಕೆ ಇವತ್ತೇ ಕೊನೆ ದಿನ ಅಂತ ಅವರಿಗೂ ಗೊತ್ತು.

...

ನಾನಾ? ನಾನು... ಅಡುಗೆಮನೇಲಿ ಕೂತಿದೀನಿ.

...

ಯಾವುದರ ಮೇಲೆ ಅಂದ್ರೆ... ಬೈಯಲ್ಲ ಅಲ್ವಾ? ಕೋಸಿನ ಪೀಪಾಯಿ ಮೇಲೆ.

...

ಮೊದಲಿಂದ ಹೇಳ್ತೀನಿ. ಬೆಳಿಗ್ಗೆ ಪಾಚಿ ಉಜ್ಜೋಣ ಅಂತ ತೊಟ್ಟೀಲಿರೋ ಐದು ಕಲ್ಲಲ್ಲಿ ದೊಡ್ಡದನ್ನ, ನಮ್ಮ ತಂದೆಕಲ್ಲನ್ನ, ಹೊರಗೆ ತೆಗೆದು ಹಿತ್ತಿಲ ನಲ್ಲಿ ಕೆಳಗಿಟ್ಟೆ. ಬ್ರಷ್ ತಗೊಂಡು ಬರೋಷ್ಟರಲ್ಲಿ ಕಲ್ಲಿಲ್ಲ!... ಹೂಂ. ನಿಮ್ಮಮ್ಮ. ಕಿನು ಅಜ್ಜಿ. ಉಪ್ಪಿನಕಾಯಿಗೆ ಅಂತ ಪೀಪಾಯಿಗೆ ಉಪ್ಪು ಹಾಕಿ ತುಂಬಿದ ಕೋಸಿನ ಮೇಲೆ ಹೇರಿಟ್ಟಿದ್ರು. ಕೋಸು ಒತ್ತೋ ಅವರ ಹಳೇ ಕಲ್ಲು ಒಡೆದುಹೋಗಿದೆಯಂತೆ.

...

ಹೇಳ್ದೆ! ಯಜಮಾನ್ರು ಹೊಳೇಲಿ ಜಾರಿ ಬಿದ್ರೂ ಕೈಬಿಡದ ಕಲ್ಲು ಅದು ಅಂದೆ. "ಮಗನ ಕಾಲು ಮುರಿದ ಕಲ್ಲು, ಕೋಸು ಒತ್ತೋಕಾದ್ರೂ ಬರಲಿ" ಅಂದ್ರು.

...

ಉಳಿದ ನಾಲ್ಕು ಕಲ್ಲಲ್ಲಿ ಫೋಟೋ ಹೇಗೆ? ಕಲ್ಲು ಬೆಸ ಸಂಖ್ಯೇಲಿರ್ಬೇಕು ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು? ಅದೂ ನಾಲ್ಕು! ನೀವು ಆಸ್ಪತ್ರೇಲಿರೋವಾಗ, ಹೇಳಿದ್ರೆ ಸಾವು ಅಂತಲೇ ಕೇಳಿಸೋ ಅಂಥ ಅಪಶಕುನದ ಸಂಖ್ಯೆನಾ?... ಅದಕ್ಕೇ ಅಜ್ಜಿ ಜೊತೆ ಒಪ್ಪಂದ ಮಾಡ್ಕೊಂಡೆ. ಫೋಟೋ ಆಗೋವರೆಗೆ ಕಲ್ಲು ತೊಟ್ಟೀಲಿ, ಕಲ್ಲಿನ ಜಾಗದಲ್ಲಿ ನಾನು. ನಾನು ಎದ್ರೆ ಕಲ್ಲು ವಾಪಸ್ ಪೀಪಾಯಿಗೆ.

...

ನಗ್ಬೇಡಿ ಯಜಮಾನ್ರೇ... ಉಪ್ಪಾ? ಏಳು ನೀರಲ್ಲಿ ತೊಳೆದಿದೀನಿ. ತೊಟ್ಟಿ ಸಿಗಡಿಗಳು ಆಗ್ಲೇ ಕಲ್ಲಿನ ಮೇಲೆ ಹತ್ತಿ ಮೇಯ್ತಿವೆ.

...

ಕಲ್ಲು ಎಷ್ಟು ವಾಲಿದೆ ಅಂತ ಎದ್ದು ನೋಡೋ ಹಾಗಿಲ್ಲ! ಅಜ್ಜಿ ಎದುರಿಗೇ ನಿಂತಿದಾರೆ. "ಇವಳು ಕಲ್ಲಿನರ್ಧ ಭಾರನೂ ಇಲ್ಲ, ಕೋಸಿಗೆ ನಾಚಿಕೆ ಆಗುತ್ತೆ" ಅಂತ ಹತ್ತು ಕೇಜಿ ಅಕ್ಕಿ ಚೀಲ ಬೇರೆ ತೊಡೆ ಮೇಲಿಟ್ಟಿದಾರೆ. ಕಾಲು ಜೋಮು ಹಿಡಿದಿದೆ.

...

ಇರಿ, ಮಿಝೊಗುಚಿ-ಸಾನ್ ಏನೋ ಕೂಗ್ತಿದಾರೆ... ತೊಟ್ಟಿ ಮಾಡಿದೋರ ಹೆಸರು ಬೇಕಂತೆ, ಅರ್ಜಿಗೆ. ನಿಮ್ಮ ಹೆಸರು ಹೇಳ್ತೀನಿ, ಅಲ್ವಾ?

...

ಏನು?

...

ನಂದಾ?... ಇಲ್ಲ ಯಜಮಾನ್ರೇ, ನಾನು ಬರೀ ಗಿಡ ನೆಟ್ಟೋಳು. ಕಲ್ಲು ನಿಮ್ದು... ಹೂಂ, ಜೋಡಿಸಿದ್ದೂ ನಾನೇ. ಆದ್ರೆ ಫೋನಲ್ಲಿ ಹೇಳಿದ್ದು ನೀವು... ನೀವು ಹೇಳಿದ ಹಾಗೆ ಒಂದ್ಸಲಾನೂ ಇಡ್ಲಿಲ್ಲ, ನಿಜ. ನಿಮಗೆ ಗೊತ್ತಿತ್ತಾ?

...

ಬರೀ ನನ್ನ ಹೆಸರಾ?

...

ಮಿಝೊಗುಚಿ-ಸಾನ್! ಕನಾಯೆ ಅಂತ ಬರೀರಿ! ಕನಾಯೆ!... ಅಯ್ಯಯ್ಯೋ. ಯಜಮಾನ್ರೇ, ಎದ್ದುಬಿಟ್ಟೆ. ಅಕ್ಕಿ ಎಲ್ಲಾ ಚೆಲ್ಲಿಹೋಯ್ತು... ಅಜ್ಜೀ, ನಿಲ್ಲಿ, ತೋಳೇರಿಸ್ಬೇಡಿ, ತೊಟ್ಟಿಗೆ ಕೈ ಹಾಕ್ಬೇಡಿ... ಮಿಝೊಗುಚಿ-ಸಾನ್, ಫೋಟೋ ತೆಗೀರಿ, ಅದರಲ್ಲಿ ಅಜ್ಜಿ ಕೈ ಬಿದ್ರೂ ಪರವಾಗಿಲ್ಲ, ಈಗ್ಲೇ ತೆಗೀ...