ಬಸ್ಸಿನಲ್ಲಿ ಹುಕ್ಕು ಹೊಲಿದದ್ದು

ಕೆಲಸದಲ್ಲಿ ಏಕಾಗ್ರತೆ ಎಂಬ ಗಹನ ವಿಷಯವು ಮೊನ್ನೆ ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಚರ್ಚೆಗೆ ಬಂತು. ಟೈಲರ್ ಹರಿಣಾಕ್ಷಿ ರವಕೆಯೊಂದಕ್ಕೆ ಹುಕ್ಕು ಹೊಲಿಯುತ್ತಿದ್ದರು. ಪರಮೇಶ್ವರಿ ಬಂದು ಪಕ್ಕದಲ್ಲಿ ಕೂತರು.

“ಎಂತ ಮಾರಾಯ್ತಿ, ಬಸ್ಸಿನಲ್ಲಿ ಹೊಲಿಗೆಯಾ?”

“ಅಂಗಡಿಯಲ್ಲಿ ಸೂಜಿ ಹಿಡಿದರೆ ಸಾಕು ಅಕ್ಕ, ಯಾರಾದರೂ ಮಾತಾಡಿಸ್ಲಿಕ್ಕೆ ಬರ್ತಾರೆ. ಇಲ್ಲಿ ಬರೀ ಕುಲುಕಾಟ.”

“ಜನಕ್ಕೆ ಅಷ್ಟೂ ಗೊತ್ತಾಗುವುದಿಲ್ಲ ನೋಡು. ಮಧ್ಯಾಹ್ನಕ್ಕೆ ಎಂತ ಪದಾರ್ಥ?”

“ಬಸಳೆ.”

“ನಮ್ಮಲ್ಲೂ ಅದೇ. ಇದು ಯಾರ ರವಕೆ?”

“ನಿಮ್ಮದೇ. ಸಂಜೆಯ ನಿಶ್ಚಿತಾರ್ಥಕ್ಕೆ ಬೇಕೇ ಬೇಕು ಅಂದಿದ್ದೀರಲ್ಲ.”

“ಅಯ್ಯೋ ದೇವರೇ! ಹಾಗಾದರೆ ನಾನು ಬಾಯಿ ಬಿಡುವುದಿಲ್ಲ, ನೀನು ಹೊಲಿ. ಅಲ್ಲ, ಕೈ ಸ್ವಲ್ಪ ಗಿಡ್ಡ ಆಯಿತಾ?”

ಮೂಡುಬಿದಿರೆಯಲ್ಲಿ ಇಬ್ಬರೂ ಇಳಿದರು. ಪರಮೇಶ್ವರಿಯವರ ಕೈಗೆ ಬಂದ ರವಕೆಯಲ್ಲಿ ಕೊನೆಯ ಹುಕ್ಕಿನ ಜಾಗಕ್ಕೆ ಪಿನ್ನು ಚುಚ್ಚಿತ್ತು.